ಮುಚ್ಚಿದ ಬಾಗಿಲಿನ ಆಚೆ

ದೆವ್ವ, ಮುನ್ಸೂಚನೆ ಇವೆಲ್ಲ ಕೈಗೆ ಕೆಲಸವಿಲ್ಲದವರ ಮಾತು ಎಂದು ನಂಬಿದ್ದವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ ಮುಖಕ್ಕೆ ಹೊಡೆದ ಹಾಗೆ ನಕ್ಕುಬಿಡುತ್ತಿದ್ದೆ. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಚಂದ್ರಾ ಲೇಔಟಿನಲ್ಲಿ ಗೌರಮ್ಮ ಎಂಬ ವಿಧವೆಯ ಮನೆಯ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಹಗಲು ಕಾಲೇಜಿನಲ್ಲಿ ಇತಿಹಾಸ ಪಾಠ, ಉಳಿದ ಹೊತ್ತೆಲ್ಲ ಪಿಎಚ್.ಡಿ. ಯುರೋಪಿನ ಮಧ್ಯಯುಗದ ಬಗ್ಗೆ ಬರೆದ ಒಬ್ಬ ಇತಿಹಾಸಕಾರ್ತಿಯ ಬದುಕು ಮತ್ತು ಕೆಲಸ ನನ್ನ ವಿಷಯ.

ಅವರ ಹೆಸರು ಇಲ್ಲಿ ಬೇಡ. ಇಂಗ್ಲೆಂಡಿನ ಪಾದ್ರಿಯೊಬ್ಬರ ಮಗಳು. ವಿಶ್ವವಿದ್ಯಾಲಯ ಅವರನ್ನು ಪರೀಕ್ಷೆಗೆ ಕೂರಿಸಿತು, ಪಾಸಾದ ಮೇಲೆ ಹೆಣ್ಣೆಂದು ಪದವಿ ಕೊಡಲಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತ, ಕಾಯಿಲೆಯ ಅಪ್ಪನನ್ನು ನೋಡಿಕೊಳ್ಳುತ್ತ, ರಜೆಯಲ್ಲಿ ಹಳೆಯ ಚರ್ಚುಗಳ ಕಾಗದಪತ್ರ ಓದುತ್ತ ಮೂವತ್ತು ವರ್ಷ ಒಂದೇ ಪುಸ್ತಕ ಬರೆದರು. ದೇವರಿಗಾಗಿ ಚರ್ಚಿನ ಗೋಡೆಗಂಟಿದ ಪುಟ್ಟ ಕೋಣೆಗೆ ಹೋಗಿ, ಬಾಗಿಲನ್ನು ಕಲ್ಲಿನಿಂದ ಮುಚ್ಚಿಸಿಕೊಂಡು, ಸಾಯುವವರೆಗೂ ಅಲ್ಲೇ ಇದ್ದ ಹೆಂಗಸರ ಚರಿತ್ರೆ ಅದು. ಆ ಮೂವತ್ತು ವರ್ಷಗಳ ನಡುವೆ ಒಂದು ವರ್ಷ ಅವರು ಒಂದಕ್ಷರವನ್ನೂ ಬರೆದಿಲ್ಲ. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಅವರ ಡೈರಿ ಇರುವ ಲೈಬ್ರರಿಗೆ ಆ ವರ್ಷದ ಬಗ್ಗೆ ಕೇಳಿ ನಾನು ಪತ್ರ ಬರೆದು ತಿಂಗಳುಗಳಾದರೂ ಉತ್ತರವಿಲ್ಲ. ಇದ್ದಷ್ಟರಲ್ಲೇ ಪ್ರಬಂಧ ಮುಗಿಸಿದೆ.

ಕೊನೆಯ ದಿನ ಸಂಜೆ ಐದರೊಳಗೆ ಪ್ರತಿಗಳನ್ನು ಕೊಡಬೇಕು, ತಪ್ಪಿದರೆ ನೋಂದಣಿ ರದ್ದು. ಇದೊಂದು ಆಗದಿದ್ದರೆ ಕೆಲಸ ಬಿಟ್ಟು ತುಮಕೂರಿಗೆ ಬಂದು, ತೋರಿಸಿದ ಗಂಡಿಗೆ ಕೊರಳು ಕೊಡಬೇಕೆಂದು ಅಪ್ಪ ಹೇಳಿದ್ದರು. ನಾನೂ ಹೂಂ ಅಂದಿದ್ದೆ.

ಇನ್ನು ಕೋಣೆಯ ವಿಷಯ. ಅದಕ್ಕೆ ಮೊದಲು ಎರಡು ಬಾಗಿಲಿದ್ದವಂತೆ. ಗೌರಮ್ಮನ ಯಜಮಾನರು ತೀರಿಕೊಂಡ ಮೇಲೆ ಯಾರೋ ಬಂದು ಅಳತೆ ಹಿಡಿದು, ಮನೆಯ ಆಯ ಸರಿಯಿಲ್ಲ, ಪಕ್ಕದ ಬಾಗಿಲು ಮುಚ್ಚಿ ಎಂದರಂತೆ. ಇಟ್ಟಿಗೆ ಕಟ್ಟಿ ಗಾರೆ ಮೆತ್ತಿಸಿ, ಹೊರಗಿನ ಮೆಟ್ಟಿಲನ್ನೂ ಒಡೆಸಿಬಿಟ್ಟಿದ್ದರು. ಅದರಾಚೆ ಏನೂ ಇಲ್ಲ. ಹದಿನೈದು ಅಡಿ ಕೆಳಗೆ ಖಾಲಿ ಸೈಟು, ಕಾಂಗ್ರೆಸ್ ಗಿಡ.

ಉಳಿದ ಬಾಗಿಲನ್ನು ನಾನು ಹೊರಗೆ ಹೋಗುವಾಗ ಮುಂದೆ ಮಾಡಿ ಹೋಗುತ್ತಿದ್ದೆ. ಬೆಕ್ಕು ನುಗ್ಗುತ್ತದೆಂದು ಆಮೇಲೆ ಗೌರಮ್ಮ ಬಂದು ಹೊರಗಿನ ಚಿಲಕ ಹಾಕುವರು. ಆ ಕೊನೆಯ ದಿನ ಮಧ್ಯಾಹ್ನ ಅವರು ಕೆಳಗಿನ ಮನೆಗೆ ಬೀಗ ಹಾಕಿಕೊಂಡು, ಮಗಳ ಮದುವೆ ಮಾತಿಗೆ ಕೆಂಗೇರಿಗೆ ಹೊರಟಿದ್ದರು. ನಾನು ಬಾಗಿಲು ಮುಂದೆ ಮಾಡಿಕೊಂಡು ಪ್ರತಿಗಳಿಗೆ ಬ್ರೌನ್ ಪೇಪರ್ ಸುತ್ತುತ್ತಿದ್ದೆ. ನಾನು ಹೋಗಿಯಾಯಿತೆಂದುಕೊಂಡು ಅವರು ಚಿಲಕ ಎಳೆದದ್ದು ಕೇಳಿಸಿತು. ಕೂಗಲು ಬಾಯಿ ತೆರೆದೆ. ಕೂಗಲಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಹಿಂದಿನಿಂದ ಕರೆಯಬಾರದೆಂದು ನಮ್ಮಜ್ಜಿ ತಲೆಗೆ ತುಂಬಿದ್ದಳು. ಆ ಹುಡುಗಿಗೆ ಆಗಲೇ ಎರಡು ಸಂಬಂಧ ತಪ್ಪಿದ್ದವು. ಇದೂ ತಪ್ಪಿ ನನ್ನ ನಾಲಿಗೆಗೆ ಕೆಟ್ಟ ಹೆಸರು ಬರುವುದು ಬೇಡ, ದಾರಿಯಲ್ಲಿ ಹೋಗುವ ಯಾರನ್ನಾದರೂ ಕಿಟಕಿಯಿಂದ ಕರೆದರಾಯಿತು ಎಂದು ಸುಮ್ಮನಾದೆ. ದೆವ್ವ ನಂಬದ ಪಂಡಿತೆ ಇದನ್ನು ನಂಬುತ್ತಿದ್ದಳು, ನೋಡಿ.

ದಾರಿಯಲ್ಲಿ ಯಾರೂ ಬರಲಿಲ್ಲ. ಆಗ ಅಲ್ಲಿ ಮನೆಗಳಿಗಿಂತ ಸೈಟುಗಳೇ ಹೆಚ್ಚು. ಕಿಟಕಿಯ ಸರಳು ಹಿಡಿದು ಗಂಟಲು ಹರಿಯುವಂತೆ ಕೂಗಿದೆ. ಬಾಗಿಲಿಗೆ ಒದ್ದೆ, ಭುಜ ಕೊಟ್ಟು ತಳ್ಳಿದೆ. ಮೂರೂವರೆ ಆಯಿತು, ನಾಲ್ಕಾಯಿತು. ವಿಶ್ವವಿದ್ಯಾಲಯ ಇದ್ದದ್ದು ಮಲ್ಲತ್ತಹಳ್ಳಿಯ ಹತ್ತಿರ, ನಡೆದೇ ಹೋಗಬಹುದಿತ್ತು. ಕೋಣೆ ಸಣ್ಣದಾಗುತ್ತಿದೆ ಅನ್ನಿಸಿತು. ನಾಚಿಕೆ ಬಿಟ್ಟು ಅತ್ತೆ.

ಆಗ ಆ ಮುಚ್ಚಿದ ಬಾಗಿಲು ಕಣ್ಣಿಗೆ ಬಿತ್ತು. ಒಂಟಿ ಇಟ್ಟಿಗೆಯ ಗೋಡೆ, ಒಂದೆರಡು ಉದುರಿ ಕೆಳಗೆ ಬಿದ್ದರೆ ಯಾರಾದರೂ ತಿರುಗಿ ನೋಡಿಯಾರು ಎಂದು ಲಟ್ಟಣಿಗೆ ತೆಗೆದುಕೊಂಡು ಬಡಿದೆ. ಗಾರೆ ಕೂಡ ಉದುರಲಿಲ್ಲ. ಸೋತು ನಿಲ್ಲಿಸಿದಾಗ ಆಚೆಯಿಂದ ಯಾರೋ ಬಡಿದರು.

ಪ್ರತಿಧ್ವನಿ ಎನ್ನುವಿರಿ. ನಾನೂ ಹಾಗೇ ಅಂದುಕೊಂಡೆ. ಮೂರು ಸಲ ಬಡಿದು ಕಾದೆ. ಮೂರು ಸಲ ಬಂತು. ಐದು ಸಲ ಬಡಿದೆ. ಕೊಂಚ ತಡೆದು ಐದು ಸಲ ಬಂತು. ಮರದ ಸದ್ದಲ್ಲ, ಚಪ್ಪಲಿಯಿಂದ ಹೊಡೆದಂಥ ಸದ್ದು. ಕಿಟಕಿ ಅದೇ ಗೋಡೆಯಲ್ಲಿತ್ತು. ಕೈಗನ್ನಡಿಯನ್ನು ಸರಳಿನಾಚೆ ಚಾಚಿ ಹಿಡಿದು ನೋಡಿದೆ. ಬಿಸಿಲು ಬಿದ್ದ ಬೋಳು ಗೋಡೆ. ಏಣಿಯಿಲ್ಲ, ಮನುಷ್ಯರಿಲ್ಲ. ಕನ್ನಡಿಯಲ್ಲಿ ನೋಡುತ್ತಿರುವಾಗಲೇ ಮತ್ತೆ ಬಡಿತ ಕೇಳಿಸಿತು.

ಕನ್ನಡಿಯನ್ನು ಒಳಗೆಳೆದುಕೊಂಡೆ. ಆದರೆ ನಿಜ ಹೇಳುತ್ತೇನೆ, ಹೆದರಿಕೆಗಿಂತ ಹೆಚ್ಚಾಗಿ ಸಮಾಧಾನವಾಯಿತು. ಹೊರಗೆ ಯಾರೋ ಇದ್ದಾರೆ, ಬಂದು ಬಾಗಿಲು ತೆಗೆಯುತ್ತಾರೆ ಎಂದು ಗೋಡೆಗೆ ಹಣೆ ಒತ್ತಿ ಕೂತೆ. ಯಾರೂ ಬರಲಿಲ್ಲ. ಐದು ಗಂಟೆ ದಾಟಿತು.

ಆರಕ್ಕೆ ಗೌರಮ್ಮ ಬಂದು ಚಿಲಕ ತೆಗೆದರು.

"ಅಯ್ಯೋ, ಒಳಗೇ ಇದ್ಯಾ? ಒಂದು ಕೂಗು ಹಾಕ್ಬಾರ್ದಿತ್ತೇನಮ್ಮಾ?"

"ಒಳ್ಳೇ ಕೆಲಸಕ್ಕೆ ಹೊರಟಿದ್ರಲ್ಲ ಆಂಟಿ, ಹಿಂದಿನಿಂದ ಹೇಗೆ ಕೂಗ್ಲಿ?"

ಅವರು ಹೊಸ್ತಿಲಲ್ಲೇ ಕುಸಿದು ಕೂತು, "ಗಂಡಿನವ್ರು ಒಪ್ಪಿದ್ರು ಕಣೇ" ಎಂದು ನನ್ನ ಕೈ ಹಿಡಿದು ಅತ್ತರು. ನಾನೂ ಅತ್ತೆ, ಬೇರೆ ಕಾರಣಕ್ಕೆ.

ಮರುದಿನ ನನ್ನ ಗೈಡ್ ಬಾಯಿಗೆ ಬಂದ ಹಾಗೆ ಬೈದರು. ಆಮೇಲೆ ಯಾರ್ಯಾರಿಗೋ ಕೈಮುಗಿದು ಒಂದು ತಿಂಗಳ ಗಡುವು ಕೊಡಿಸಿದರು. "ಚಿಲಕದ ಕಥೆ ಯಾರ ಹತ್ರಾನೂ ಹೇಳ್ಬೇಡ, ಜ್ವರ ಅಂತ ಬರ್ದಿದೀನಿ" ಎಂದರು. ಆ ತಿಂಗಳಲ್ಲೇ ಲೈಬ್ರರಿಯ ಲಕೋಟೆ ಬಂತು. ಡೈರಿಯ ಎರಡು ಪುಟಗಳ ಜೆರಾಕ್ಸ್.

ಬಾಗಿಲು ಮುಚ್ಚಿಸಿಕೊಂಡ ಆ ಹೆಂಗಸರಿಗೆ ಹೇಗನ್ನಿಸಿರಬಹುದೆಂದು ತಿಳಿಯಲು ನನ್ನ ಇತಿಹಾಸಕಾರ್ತಿ ಒಂದು ಹಳೆಯ ಚರ್ಚಿಗೆ ಹೋಗಿ, ಅಂಥ ಕೋಣೆಯಲ್ಲಿ ಒಂದು ಗಂಟೆ ಬೀಗ ಹಾಕಿಸಿಕೊಂಡು ಕೂತರಂತೆ. ಬೀಗ ಹಾಕಿದ ಮುದುಕ ಮರೆತು ಮನೆಗೆ ಹೋದ. ಆ ಕೋಣೆಯಲ್ಲೂ ಕಲ್ಲಿನಿಂದ ಮುಚ್ಚಿದ ಇನ್ನೊಂದು ಬಾಗಿಲಿತ್ತು. ಅದರಾಚೆ ನದಿಯ ಕಡಿದಾದ ದಂಡೆ, ನಿಲ್ಲಲು ಜಾಗವಿಲ್ಲ. ಅಲ್ಲಿಂದ ಯಾರೋ ಮರದ ತುಂಡಿನಿಂದ ಬಡಿದರಂತೆ. ಇವರು ಕಾಲಿನ ಶೂ ಬಿಚ್ಚಿ, ಕೇಳಿದಷ್ಟು ಸಲ ತಿರುಗಿ ಬಡಿದರಂತೆ. ಮೊದಲು ಮೂರು, ಆಮೇಲೆ ಐದು. "ಆಚೆ ಇರುವವಳು ಅಳುತ್ತಿದ್ದಾಳೆ, ನಾನು ಹೊರಗಿದ್ದೇನೆ, ಬಂದು ಬಾಗಿಲು ತೆಗೆಯುತ್ತೇನೆ ಎಂದು ನಂಬಿಕೊಂಡಿದ್ದಾಳೆ, ನಾನೂ ಒಳಗೇ ಇದ್ದೇನೆಂದು ಅವಳಿಗೆ ಹೇಗೆ ಹೇಳಲಿ" ಎಂದು ಬರೆದಿದ್ದರು. ಅಲ್ಲಿಂದ ಮುಂದೆ ಒಂದು ವರ್ಷ ಡೈರಿ ಖಾಲಿ ಎಂದು ಲೈಬ್ರರಿಯವರು ಚೀಟಿ ಇಟ್ಟಿದ್ದರು.

ಆ ಪುಟಗಳನ್ನು ಪ್ರಬಂಧಕ್ಕೆ ಸೇರಿಸಬಹುದಿತ್ತು. ಸೇರಿಸಿದರೆ ಕೆಳಗೆ ಏನಾದರೂ ವಿವರಣೆ ಬರೆಯಲೇಬೇಕು. ಭ್ರಮೆ ಎಂದು ಬರೆದರೆ ಸುಳ್ಳಾಗುತ್ತದೆ. ನಿಜ ಬರೆದರೆ ಪದವಿ ಸಿಗುವುದಿಲ್ಲ. ಮೂರು ದಿನ ಊಟ ಸೇರಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳಿದರು, "ಆ ಒಂದು ವರ್ಷ ಅವರು ಯಾಕಮ್ಮ ಏನೂ ಬರೀಲಿಲ್ಲ?"

"ದಾಖಲೆ ಸಿಗ್ಲಿಲ್ಲ ಸಾರ್" ಎಂದೆ.

ಪದವಿ ಬಂತು. ಅಪ್ಪ ಮತ್ತೆ ಮದುವೆಯ ಮಾತೆತ್ತಲಿಲ್ಲ. ಆ ಇತಿಹಾಸಕಾರ್ತಿಯ ಒಂದು ವರ್ಷದ ಮೌನಕ್ಕೆ ಕಾರಣ ನಾನು, ಅದನ್ನು ಮುಚ್ಚಿಟ್ಟವಳೂ ನಾನೇ. ಇದು ಹೇಗೆ ಸಾಧ್ಯ ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ.