ಮೊಳೆಯಿಂದ ಇಳಿದ ಸೈಕಲ್

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಅರ್ಧ ಎತ್ತಿದ ಷಟರಿನ ಒಳಗೆ, ಒಂಟಿ ಬಲ್ಬಿನ ಕೆಳಗೆ, ಐವತ್ತಮೂರರ ಹೆಂಗಸೊಬ್ಬರು ತೆಳ್ಳಗಿನ ಹಳೇ ರೇಸ್ ಸೈಕಲ್ಲೊಂದನ್ನು ಗೇಣುದ್ದ ಎತ್ತಿ ನೆಲಕ್ಕೆ ಬಿಡುತ್ತಿದ್ದಾರೆ. ಟಪ್. ಕಿವಿ ಓರೆ ಮಾಡಿ ಕೇಳುತ್ತಾರೆ. ಮತ್ತೆ ಎತ್ತುತ್ತಾರೆ. ಟಪ್. ಮೂರನೇ ಸಲ ಆ ಟಪ್ಪಿನ ಬಾಲಕ್ಕೆ ಸಣ್ಣದೊಂದು 'ಚಿಣ್' ಅಂಟಿಕೊಂಡು ಬರುತ್ತದೆ.

"ಹಿಂದಿನ ಬ್ರೇಕು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಹೌದು, ಹಿಂದಿನ ಬ್ರೇಕಿನ ನಟ್ಟು ಕಾಲು ಸುತ್ತು ಸಡಿಲವಾಗಿದೆ.

ಬೀದಿಗೆಲ್ಲ ಇವರು ಸೈಕಲಕ್ಕ. ಹನ್ನೆರಡಡಿ ಉದ್ದದ ಅಂಗಡಿಯ ಮುಂದಿನ ಅರ್ಧದಲ್ಲಿ ನಾದಿನಿಯ ಹೊಲಿಗೆ ಯಂತ್ರ, ಹಿಂದಿನ ಅರ್ಧದಲ್ಲಿ ಇವರ ಚಕ್ರಗಳು. ಇಬ್ಬರಿಗೂ ಸೇರಿ ಒಂದೇ ಅಳತೆ ಟೇಪು. ಅದಕ್ಕೆ ಗ್ರೀಸ್ ಮೆತ್ತಿದವರು ಯಾರು ಎಂಬ ಜಗಳ ಹದಿನೈದು ವರ್ಷದಿಂದ ನಡೆಯುತ್ತಲೇ ಇದೆ. ಯಾರೆಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತು.

ದಿನಕ್ಕೆ ಹನ್ನೆರಡರಿಂದ ಹದಿನೈದು ಪಂಕ್ಚರ್, ಎರಡೋ ಮೂರೋ ಬೆಂಡು ತೆಗೆಯುವ ಚಕ್ರ, ಲೆಕ್ಕವಿಡಲಾಗದಷ್ಟು ಬ್ರೇಕು. ಹೊಟ್ಟೆಪಾಡು ನಡೆಯುವುದು ಇದರಿಂದ. ಆದರೆ ವರ್ಷಕ್ಕೆ ಮೂರೋ ನಾಲ್ಕೋ ಸಲ ಯಾರಾದರೂ ಹಳೆಯ ಉಕ್ಕಿನ ಫ್ರೇಮ್ ಹೊತ್ತು ತಂದು "ಇದನ್ನ ಎಬ್ಬಿಸೋಕಾಗುತ್ತಾ?" ಎನ್ನುತ್ತಾರೆ. ಆಗ ಸೈಕಲಕ್ಕನ ಕಣ್ಣಿಗೊಂದು ಬೇರೆಯೇ ಹೊಳಪು ಬರುತ್ತದೆ. ಪಂಕ್ಚರಿನವರು ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ.

ಈ ಕೆಲಸಕ್ಕೆ ಮೊದಲು ಅವರು ತಿರುಪು ತಯಾರಿಸುವ ಕಾರ್ಖಾನೆಯಲ್ಲಿದ್ದರು. ಹನ್ನೊಂದು ವರ್ಷ ಒಂದೇ ಮೇಜು, ಒಂದೇ ಕೆಲಸ: ರಾಶಿಯಿಂದ ತಿರುಪು ಎತ್ತಿ ಅಳತೆವಾರು ಬೇರೆ ಮಾಡುವುದು. ಕಾರ್ಖಾನೆ ಮುಚ್ಚಿದಾಗ ಮಾವನವರ ಸೈಕಲ್ ಅಂಗಡಿಗೆ ಬಂದರು. ಮಾವ ಎರಡು ತಿಂಗಳು ಬರೀ ಚೈನು ತೊಳೆಸಿದರಂತೆ. ಒಂದು ದಿನ ಡಬ್ಬಿಯೊಂದು ಮಗುಚಿ ನಾನೂರು ನಟ್ಟು ಬೋಲ್ಟು ನೆಲದ ಪಾಲಾದಾಗ, ಸೊಸೆ ಅವನ್ನು ಟೇಪು ಮುಟ್ಟದೆ, ಬೆರಳಲ್ಲೇ ಆರು ಗುಂಪು ಮಾಡಿಟ್ಟರು. ಮಾವ ತಮ್ಮ ಸ್ಪ್ಯಾನರಿನ ಪೆಟ್ಟಿಗೆಯನ್ನು ಇವರ ಕಡೆಗೆ ತಳ್ಳಿದರು.

ಗಿರಾಕಿಗಳು ಅಷ್ಟು ಬೇಗ ಒಪ್ಪಲಿಲ್ಲ. "ರಿಪೇರಿಯವರು ಎಲ್ಲಿ ಅಂತ ನನ್ನನ್ನೇ ಕೇಳೋರು. ಊಟಕ್ಕೆ ಹೋಗಿದ್ದಾರೆ, ಸೈಕಲ್ ಬಿಟ್ಟು ಹೋಗಿ ಅಂತಿದ್ದೆ. ಸಂಜೆ ಬಂದು, ನಿಮ್ಮೋರು ಚೆನ್ನಾಗಿ ಮಾಡಿದ್ದಾರೆ ಅಂದು ಹೋಗೋರು," ಎಂದು ನಗುತ್ತಾರೆ.

ಹಳೆಯ ಸೈಕಲ್ ಕಟ್ಟುವಾಗ ಇವರದೊಂದು ಪದ್ಧತಿ ಇದೆ. ಮೊದಲ ಸಲ ಒಂದು ಹನಿ ಎಣ್ಣೆ, ಒಂದು ಚಿಟಿಕೆ ಗ್ರೀಸ್ ಹಾಕದೆ, ಒಣಒಣವಾಗಿಯೇ ಇಡೀ ಸೈಕಲ್ ಜೋಡಿಸುತ್ತಾರೆ. ನೆಲಕ್ಕೆ ಬಿಟ್ಟು ಸದ್ದು ಕೇಳುತ್ತಾರೆ. ಆಮೇಲೆ ಪೂರ್ತಿ ಬಿಚ್ಚಿ, ಗ್ರೀಸ್ ಹಾಕಿ, ಮತ್ತೆ ಜೋಡಿಸುತ್ತಾರೆ. ಒಂದು ಕೆಲಸಕ್ಕೆ ಎರಡು ಸಲ ಮೈ ಮುರಿದು ದುಡಿಯುವುದು ಯಾಕೆ?

"ಗ್ರೀಸ್ ಹಾಕಿದ್ರೆ ತಪ್ಪು ಕೂತಿದ್ದೂ ಸರಿಯಾಗಿ ಕೂತ ಹಾಗೆ ಜಾರಿಕೊಂಡು ಹೋಗುತ್ತೆ. ಒಣಗಿದ್ದಾಗ ಸುಳ್ಳು ಹೇಳೋಕಾಗಲ್ಲ ಅದಕ್ಕೆ."

ಇಂದು ಕೈಯಲ್ಲಿರುವ ಸೈಕಲ್ಲನ್ನು ನೋಡಿದರೆ ಆ ಮಾತು ಅರ್ಥವಾಗುತ್ತದೆ. ಫ್ರೇಮ್ ಒಂದು ದೇಶದ್ದು, ಬ್ರೇಕು ಇನ್ನೊಂದರದ್ದು, ಹಿಂದಿನ ಚಕ್ರ ಎಲ್ಲಿಯದೋ ಅದನ್ನು ಹೊತ್ತು ತಂದ ಹಡಗಿಗೇ ಗೊತ್ತು. ಒಂದೊಂದು ದೇಶಕ್ಕೆ ಒಂದೊಂದು ಅಳತೆ. ಹ್ಯಾಂಡಲ್ ಅದನ್ನು ಹಿಡಿದಿಡುವ ಕ್ಲ್ಯಾಂಪಿನೊಳಗೆ ಕೂದಲೆಳೆಯಷ್ಟು ಸಡಿಲ. ಸೈಕಲಕ್ಕ ತಂಪು ಪಾನೀಯದ ಖಾಲಿ ಡಬ್ಬಿಯಿಂದ ಒಂದು ತಗಡಿನ ಪಟ್ಟಿ ಕತ್ತರಿಸಿ ನಡುವೆ ಸುತ್ತಿದ್ದಾರೆ. ಕತ್ತರಿ ನಾದಿನಿಯದು. "ಬಟ್ಟೆ ಕತ್ತರಿಸೋ ಕತ್ತರೀಲಿ ತಗಡು ಕತ್ತರಿಸ್ತೀರಲ್ಲ ಅತ್ತಿಗೆ, ನಿಮಗೆ ದೇವರು ಒಳ್ಳೇದು ಮಾಡ್ತಾನಾ?" ಎಂಬುದು ನಾದಿನಿಯ ದೂರು.

ಇಂದು ಸೈಕಲಕ್ಕನಿಗೆ ಈ ದೂರಿಗೆ ನಗುವಷ್ಟು ಸಮಾಧಾನವಿಲ್ಲ. ಈ ಫ್ರೇಮನ್ನು ಒಂಬತ್ತು ವರ್ಷದ ಹಿಂದೆ ಹಾಳು ಮಾಡಿದವರು ಇವರೇ.

ಇದನ್ನು ತಂದವರು ನಿವೃತ್ತ ಬಸ್ ಡ್ರೈವರ್ ಒಬ್ಬರು. ಹರೆಯದಲ್ಲಿ ಇದರ ಮೇಲೆ ರೇಸ್ ಓಡಿಸಿದವರು. ಪೆಡಲಿನ ಅಚ್ಚು ಕೂರುವ ಕೆಳಗಿನ ಕೊಳವೆಯಲ್ಲಿ ಬಲಗಡೆಯ ಕಪ್, ಎಂದರೆ ಅಚ್ಚನ್ನು ಹಿಡಿದಿಡುವ ತಿರುಪಿನ ಬಿಲ್ಲೆ, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬೇರೆಲ್ಲ ತಿರುಪು ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಸೈಕಲ್ಲಿನ ಎಡ ಪೆಡಲು ಮತ್ತು ಈ ಕಪ್ ಮಾತ್ರ ಬಲಕ್ಕೆ. ಇದು ಕಸುಬಿನವರ ಮೊದಲ ಪಾಠ. ಸೈಕಲಕ್ಕ ಬಲಕ್ಕೆ ತಿರುಗಿಸಿದರು. ಬರಲಿಲ್ಲ. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ, ಇಡೀ ಮೈಭಾರ ಬಿಟ್ಟರು. ಒಳಗೆ ಏನೋ 'ಕರಕ್' ಎಂದಿತು. ಅಪರೂಪಕ್ಕೆ ಕೆಲವು ದೇಶದ ಫ್ರೇಮುಗಳಲ್ಲಿ ಆ ಕಪ್ ಕೂಡ ಎಡಕ್ಕೇ ಬಿಚ್ಚುತ್ತದೆ. ಇದು ಅಂಥದ್ದು. ಅವರು ಅಷ್ಟು ಹೊತ್ತು ಬಿಚ್ಚಿರಲಿಲ್ಲ, ಬಿಗಿ ಮಾಡಿದ್ದರು. ಕೊಳವೆಯೊಳಗೆ ತಿರುಪು ಕಚ್ಚುವ ಥ್ರೆಡ್ಡೆಲ್ಲ ಪುಡಿಯಾಗಿ ಕೈಗೆ ಬಂತು.

"ಏನೂ ಗೊತ್ತಿಲ್ಲದೋರು ಆಗಿದ್ರೆ ಎಡಕ್ಕೇ ತಿರುಗಿಸಿರೋರು, ಬಂದುಬಿಡೋದು. ಗೊತ್ತಿದೆ ಅನ್ನೋ ಧಿಮಾಕಿಗೇ ಹಾಳಾಯ್ತು," ಎನ್ನುವಾಗ ಈಗಲೂ ಅವರ ಮುಖ ಸಣ್ಣಗಾಗುತ್ತದೆ.

ಡ್ರೈವರ್ ಬೈಯಲಿಲ್ಲ. ಫ್ರೇಮಿನ ಮೇಲೆ ಒಮ್ಮೆ ಕೈಯಾಡಿಸಿ, "ಇಲ್ಲೇ ಇರ್ಲಿ ಬಿಡಮ್ಮ," ಎಂದು ಹೊರಟುಬಿಟ್ಟರು. ಬೈದಿದ್ದರೆ ವಾಸಿಯಿತ್ತು. ಬೇರೆ ಅಳತೆಗೆ ಥ್ರೆಡ್ ಕೊರೆಸೋಣವೆಂದರೆ ಅದು ಮೊದಲೇ ಎಲ್ಲಕ್ಕಿಂತ ದೊಡ್ಡ ಅಳತೆ. ವೆಲ್ಡಿಂಗಿನವರು ತೆಳು ಕೊಳವೆ ಶಾಖಕ್ಕೆ ಬಾಗುತ್ತದೆಂದು ಕೈಯೆತ್ತಿದರು. ಸೈಕಲಕ್ಕ ಬೆಂಚಿನ ಎದುರಿಗೇ ಮೊಳೆ ಹೊಡೆದು ಫ್ರೇಮನ್ನು ನೇತುಹಾಕಿದರು, ತಲೆ ಎತ್ತಿದಾಗಲೆಲ್ಲ ಕಣ್ಣಿಗೆ ಬೀಳುವ ಹಾಗೆ. ಅಂದಿನಿಂದ ಯಾವ ಸೈಕಲ್ ಬಂದರೂ ಮೊದಲು ಅದರ ದೇಶ ವಿಚಾರಿಸುತ್ತಾರೆ.

ಕಳೆದ ತಿಂಗಳು ಬಾಗಿಲು ಹಾಕುತ್ತಿದ್ದ ಅಂಗಡಿಯೊಂದರ ಗುಜರಿ ಡಬ್ಬಿಯಲ್ಲಿ ಕೈಯಾಡಿಸುವಾಗ ಬೆರಳಿಗೊಂದು ವಿಚಿತ್ರ ವಸ್ತು ತಗುಲಿತು. ಹೊರಗೆ ನುಣುಪು, ಥ್ರೆಡ್ಡೇ ಇಲ್ಲ. ಕಪ್ಪಿನ ಜಾಗದಲ್ಲಿ ಕೂರುವ ಎರಡು ತುಂಡು, ಎಡದಿಂದ ಒಂದು, ಬಲದಿಂದ ಒಂದು ಕೊಳವೆಗೆ ಹೊಕ್ಕು, ಒಳಗೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಕೊಳವೆಯ ಥ್ರೆಡ್ ಇದ್ದರೇನು, ಹೋದರೇನು. "ಅಲ್ಲೇ ಕೂತು ಅತ್ತುಬಿಟ್ಟೆ. ಅಂಗಡಿಯೋನು ಬೆರಳು ಕುಯ್ದುಕೊಂಡ್ರೇನೋ ಅಂದುಕೊಂಡ."

ಡ್ರೈವರಿಗೆ ಈಗ ಎಪ್ಪತ್ತೊಂದು. ಮುಂದಿನ ವಾರ ಬಲ ಮೊಣಕಾಲಿನ ಆಪರೇಷನ್. ಆಮೇಲೆ ಪೆಡಲ್ ತುಳಿಯಲಾಗುತ್ತದೋ ಇಲ್ಲವೋ, ಡಾಕ್ಟರೂ ಖಚಿತವಾಗಿ ಹೇಳಿಲ್ಲ. ಹಾಗಾಗಿ ಆಗಬೇಕಾದ್ದು ಈ ವಾರವೇ ಆಗಬೇಕು.

ಬ್ರೇಕು ಬಿಗಿಯಾಗಿದೆ. ಮತ್ತೆ ಎತ್ತಿ ಬಿಡುತ್ತಾರೆ. ಟಪ್. ಅಷ್ಟೇ. ಇನ್ನು ಬಿಚ್ಚಿ, ಗ್ರೀಸ್ ಹಾಕಿ, ಎರಡನೇ ಸಲ ಜೋಡಿಸಬೇಕು. ಒಂಬತ್ತೂವರೆಗೆ ಅದೂ ಮುಗಿಯುತ್ತದೆ.

ಹತ್ತಕ್ಕೆ ಡ್ರೈವರ್ ಬರುತ್ತಾರೆ. ಷರಾಯಿಯ ಬಲಗಾಲನ್ನು ಮಡಚಿ, ಕ್ಲಿಪ್ಪು ಸಿಕ್ಕಿಸಿಕೊಂಡೇ ಬಂದಿದ್ದಾರೆ. ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ಬೆರಕೆ ಬ್ರೇಕಿಗೆ ಹುಬ್ಬೇರಿಸಿ, ಹತ್ತಿ, ಹೊರಟೇಬಿಡುತ್ತಾರೆ. ಬೀದಿಯ ತಿರುವಿನಲ್ಲಿ ಮರೆಯಾಗುತ್ತಾರೆ. ಐದು ನಿಮಿಷ. ಹತ್ತು ನಿಮಿಷ. ಹೊಲಿಗೆ ಯಂತ್ರ ನಿಂತಿದೆ. ಸೈಕಲಕ್ಕ ಕೈಯೊರೆಸಿದ ಬಟ್ಟೆಯಲ್ಲೇ ಮತ್ತೆ ಕೈಯೊರೆಸುತ್ತಾರೆ.

ಕಾಲು ಗಂಟೆಯ ಮೇಲೆ, ಬೀದಿಯ ಇನ್ನೊಂದು ತುದಿಯಿಂದ ಬೆವರಿಳಿಸುತ್ತ ಬಂದು ಇಳಿಯುತ್ತಾರೆ. "ಬಲಗಡೆ ಸ್ವಲ್ಪ ಕಟ್ ಕಟ್ ಅನ್ನುತ್ತಲ್ಲಮ್ಮ?"

ಸೈಕಲಕ್ಕ ಕೈಯಲ್ಲಿದ್ದ ಬಟ್ಟೆ ಎಸೆದು ಕೆಳಗೆ ಕೂರುತ್ತಾರೆ. ಬಗ್ಗಿ, ಕಪ್ಪಿಗೆ ಕಿವಿಯಿಟ್ಟು, ಪೆಡಲನ್ನು ಕೈಯಿಂದ ತಿರುಗಿಸುತ್ತಾರೆ. ಸದ್ದಿಲ್ಲ. ಇನ್ನೊಮ್ಮೆ. ಇಲ್ಲ. ಕೂತಲ್ಲಿಂದಲೇ ತಲೆ ಎತ್ತುತ್ತಾರೆ. "ನೀವೇ ಒಂದ್ಸಲ ಕಾಲು ಮಡಚಿ, ಚಾಚಿ ನೋಡೋಣ."

ಡ್ರೈವರ್ ಮಡಚಿ ಚಾಚುತ್ತಾರೆ. ಕಟ್.

"ಅದು ನನ್ನ ಕೆಲಸ ಅಲ್ಲ, ಡಾಕ್ಟರದು," ಎನ್ನುತ್ತಾರೆ ಸೈಕಲಕ್ಕ. ಒಂಬತ್ತು ವರ್ಷ ಗಂಟು ಹಾಕಿಕೊಂಡಿದ್ದ ಮುದುಕರ ಮುಖ ಸಡಿಲವಾಗುತ್ತದೆ, ಬೀದಿಗೆಲ್ಲ ಕೇಳುವ ಹಾಗೆ ನಗುತ್ತಾರೆ. ಆಪರೇಷನ್ನಿಗೆ ಇನ್ನೂ ಆರು ದಿನವಿದೆ. ಆರು ದಿನವೂ ಬರುವುದಾಗಿ ಹೇಳಿ ಮತ್ತೆ ಹತ್ತಿ ಹೋಗುತ್ತಾರೆ.

ಗೋಡೆಯ ಮೇಲೆ ಫ್ರೇಮಿನ ಆಕಾರದ ಬಿಳಿ ಗುರುತು ಉಳಿದಿದೆ, ಅದರ ಮೇಲೊಂದು ಖಾಲಿ ಮೊಳೆ. ನಾದಿನಿಗೆ ಅದರ ಮೇಲೆ ಕಣ್ಣು. "ಅತ್ತಿಗೆ, ಕತ್ತರಿ ನೇತುಹಾಕಿಕೊಳ್ಳಲಾ? ಸ್ಟೂಲ್ ಹತ್ತದೆ ನಿಮ್ಮ ಕೈಗೆ ಎಟುಕದಷ್ಟು ಎತ್ತರದಲ್ಲಿದೆ."

"ಬೇಡ ಕಣೇ, ಖಾಲಿ ಇರ್ಲಿ," ಎನ್ನುತ್ತಾರೆ ಸೈಕಲಕ್ಕ, ಮೊದಲ ಪಂಕ್ಚರಿನ ಟ್ಯೂಬನ್ನು ನೀರಿಗೆ ಮುಳುಗಿಸುತ್ತ. "ತಲೆ ಎತ್ತಿದಾಗ ಅಲ್ಲಿ ಏನೂ ಇಲ್ದೇ ಇರೋದನ್ನ ಒಂದಷ್ಟು ದಿನ ನೋಡಬೇಕು ನಾನು."