ತುಂಬಿ ಬಂದ ಬಟ್ಟಲುಗಳು

2004ರ ಬೇಸಿಗೆಯಲ್ಲಿ ಮಹಾದೇವಿಗೆ ಹದಿನೆಂಟು ತುಂಬಿತು. ಬಾಗಲಕೋಟೆಯ ಅನಾಥ ಹೆಣ್ಣುಮಕ್ಕಳ ಆಶ್ರಮದಲ್ಲಿ ಅವಳು ಇನ್ನು ಇರುವಂತಿರಲಿಲ್ಲ. ಭಾನುವಾರ ಅಲ್ಲಿ ಪಾಠ ಹೇಳುತ್ತಿದ್ದ ನಾನು ಅವಳಿಗೊಂದು ಬಾಡಿಗೆ ಕೋಣೆ ಹುಡುಕುವ ಹೊಣೆ ಹೊತ್ತೆ. ಹಿಂದಿನ ವರ್ಷ ಹೊರಬಿದ್ದ ಹುಡುಗಿಯೊಬ್ಬಳು ಇಳಕಲ್ಲಿನಲ್ಲಿ ಮನೆಯಿಂದ ಮನೆಗೆ ಅಲೆದು, ಕೊನೆಗೆ ಸುದ್ದಿಯೇ ಇಲ್ಲದಂತಾಗಿದ್ದಳು. ಆ ಭಯ ನನ್ನನ್ನು ಬಿಟ್ಟಿರಲಿಲ್ಲ. ನನ್ನ ಮನೆಯ ಎರಡು ಕೋಣೆಗಳಲ್ಲಿ ಆಗಲೇ ಆರು ಜನರಿದ್ದೆವು.

ನವನಗರದಲ್ಲಿ ಮನೆ ಕೇಳಿದರೆ ಎಲ್ಲರದೂ ಒಂದೇ ಪ್ರಶ್ನೆ: "ಹಳೇ ಊರಾಗ ಯಾವ ಓಣಿಯವರು?" ಅಣೆಕಟ್ಟಿನ ಹಿನ್ನೀರಿಗೆ ಹೋದ ಹಳೇ ಊರಿನ ಓಣಿಯೇ ಈ ಹೊಸ ಊರಲ್ಲಿ ಗುರುತು. ಮಹಾದೇವಿಗೆ ಓಣಿಯಿರಲಿಲ್ಲ. ಬಾಗಿಲುಗಳು ಮೆಲ್ಲಗೆ ಮುಚ್ಚಿಕೊಂಡವು.

ಕೊನೆಗೆ ಶಾಂತವ್ವ ಎಂಬ ವಿಧವೆ ಹಿತ್ತಲ ಕೋಣೆ ಕೊಟ್ಟಳು. "ಎಂಟು ದಿನ ಇರ್ಲಿ ಬಾಯಾರ. ಮಗ್ಗಲ ಮನಿ ಮಂದಿ ಬ್ಯಾಡಂದ್ರ ನಾ ಇಟ್ಕೊಳ್ಳಾಕ ಆಗೂದಿಲ್ಲ." ಪಕ್ಕದ ಮನೆಯ ಗಂಗವ್ವ ಅವತ್ತೇ ಗೊಣಗಿದ್ದಳು: "ಹಿಂದ ಮುಂದ ಗೊತ್ತಿಲ್ಲದಾಕಿ, ನಾಳೆ ಏನರ ಆದ್ರ ಯಾರನ್ನ ಕೇಳೂಣು?"

ಗಡುವು ಮುಗಿಯುವ ದಿನ ತುಳಸಿಗೇರಿಯ ಹನುಮಂತನ ಗುಡಿಗೆ ಹೋದೆ. ಅದು ಶನಿವಾರವಾಗಿತ್ತು ಎಂದು ನೆನಪು. ಆದರೆ ಇಂಥದ್ದನ್ನೆಲ್ಲ ನೆನಪು ತಾನಾಗಿಯೇ ಶನಿವಾರಕ್ಕೆ ಹೊಂದಿಸಿಬಿಡುತ್ತದೆ, ನಂಬುವಂತಿಲ್ಲ. ಹಣಮಪ್ಪನ ಮುಂದೆ ಕೂತರೂ ಬೇಡಲು ಮಾತು ಹೊರಡಲಿಲ್ಲ. ಅಷ್ಟು ದಣಿದಿದ್ದೆ. "ನನ್ನಿಂದ ಆಗವಲ್ದಪ್ಪ" ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ಸಂಜೆ ನವನಗರದಲ್ಲಿ ಇಳಿದಾಗ ಶಾಂತವ್ವನ ಬಾಗಿಲಲ್ಲಿ ನಾಲ್ಕಾರು ಹೆಂಗಸರು ನಿಂತಿದ್ದರು. ಹುಡುಗಿಯನ್ನು ಹೊರಗೆ ಹಾಕಿಸಲು ಬಂದಿದ್ದಾರೆಂದುಕೊಂಡು ಬೇಗ ಬೇಗ ಹೆಜ್ಜೆ ಹಾಕಿದೆ.

"ಬರ್ರಿ, ನಿಮ್ಮ ಹುಡುಗಿ ಮಾಡಿದ್ದು ನೋಡ್ರಿ" ಎಂದಳು ಶಾಂತವ್ವ.

ಮಹಾದೇವಿ ತಲೆ ತಗ್ಗಿಸಿದಳು. "ಇಷ್ಟ ದಿನ ಶಾಂತವ್ವಾರ ಹಾಕಿದ್ದು ಉಂಡೆ, ಇವತ್ತು ಮೊದಲನೇ ಸಲ ನಾನ ಅಡಗಿ ಮಾಡಿದ್ನಿರಿ ಅಕ್ಕೋರ. ಅಲ್ಲಿ ನಲವತ್ತು ಮಂದಿಗೆ ಮಾಡ್ತಿದ್ವಿ. ಒಬ್ಬಾಕಿಗೆ ಎಷ್ಟು ಬ್ಯಾಳಿ ಹಾಕಬೇಕು ಗೊತ್ತಾಗಲಿಲ್ಲ."

ಸಾರು ಕೆಡುವ ಮೊದಲು ಶಾಂತವ್ವನ ಬಟ್ಟಲುಗಳಲ್ಲಿ ತುಂಬಿ ಮನೆಮನೆಗೆ ಕೊಟ್ಟು ಬಂದಿದ್ದಳು. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಮರಳಿಸುವ ರೂಢಿ ನಮ್ಮ ಕಡೆ ಇಲ್ಲ. ಒಬ್ಬಳ ಕೈಯಲ್ಲಿ ಮೊಸರು, ಇನ್ನೊಬ್ಬಳ ಕೈಯಲ್ಲಿ ಶೇಂಗಾ ಚಟ್ನಿಪುಡಿ. ಗಂಗವ್ವನ ಬಟ್ಟಲಲ್ಲಿ ಬದನೆಕಾಯಿ ಪಲ್ಯ.

"ಉಪ್ಪು ಕಡಿಮಿ ಆಗಿತ್ತಲೇ ಹುಡುಗಿ" ಎಂದಳು ಗಂಗವ್ವ. "ನಾಳೆ ಒಲಿ ಹಚ್ಚೂಕಿಂತ ಮೊದಲ ನನ್ನ ಕರಿ. ಇಲ್ಲಂದ್ರ ಮತ್ತ ಊರಿಗೆಲ್ಲಾ ಮಾಡಿ ಇಡ್ತಿ."

ಶಾಂತವ್ವ ನನ್ನತ್ತ ತಿರುಗಿದಳು. "ಇನ್ನ ಈಕಿನ್ನ ಕಳಿಸಿದ್ರ ಇವರೆಲ್ಲಾ ನನ್ನ ಬೈತಾರ. ಇರ್ಲಿ ಬಿಡ್ರಿ."

ಮಹಾದೇವಿ ಮದುವೆಯಾಗುವವರೆಗೂ ಅಲ್ಲೇ ಇದ್ದಳು. ಅದು ಕೃಪೆಯೋ, ಅಳತೆ ತಪ್ಪಿದ ಬೇಳೆಯೋ ಎಂದು ಓದಿದ ಮನಸ್ಸು ಬಹಳ ದಿನ ತರ್ಕ ಮಾಡಿತು. ಆ ಅಳತೆ ತಪ್ಪಿಸಿದವನು ಹಣಮಪ್ಪನೇ ಎಂದು ಈಗ ನಂಬಿದ್ದೇನೆ. ಈ ವರ್ಷ ಮತ್ತೊಬ್ಬಳು ಆಶ್ರಮದಿಂದ ಹೊರಡುತ್ತಾಳೆ. ದಣಿವು ಕಳೆದಿಲ್ಲ. ಹಣಮಪ್ಪನಿಗೆ ಕೈಮುಗಿದು ನಾಳೆಯಿಂದ ಮತ್ತೆ ಕೋಣೆ ಹುಡುಕುತ್ತೇನೆ.