ಉಸಿರಿನ ಮಷೀನ್ ಎಲ್ಲಿಡೋಣ?

ಮೊದಲು ಬಂದದ್ದು ಕೆಮ್ಮಲ್ಲ, ಸಿಳ್ಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ಎಲ್ಲೋ ಬೆಕ್ಕಿನ ಮರಿ ಕೂಗಿದಂತಾಯಿತು. ನಮ್ಮವರು ಮಂಚದ ಕೆಳಗೆ, ಬಟ್ಟೆ ಗಂಟಿನ ಹಿಂದೆ ಹುಡುಕಿಯೇ ಹುಡುಕಿದರು. ಕಡೆಗೆ ನನ್ನ ಹತ್ತಿರ ಬಂದು ಕಿವಿಗೊಟ್ಟರು.

"ಅಯ್ಯ, ಮರಿ ನಿನ್ನ ಎದಿಯಾಗ ಐತಲ್ಲ!"

ಅಸ್ತಮಾ.

ಗಜೇಂದ್ರಗಡದಲ್ಲಿ ನಾವಿರುವುದು ಮೂರಂತಸ್ತಿನ ಕಟ್ಟಡದಲ್ಲಿ. ಕೆಳಗೆ ಮಾಲೀಕರಾದ ದಾದಾಪೀರ ಚಾಚಾನ ಬಟ್ಟೆ ಅಂಗಡಿ, ನಡುವೆ ಅವರ ಮನೆ, ಮೇಲೆ ಬಾಡಿಗೆಗೆ ನಾವು. ಮೇಲಿನ ಕೋಣೆಯಲ್ಲೇ ನನ್ನ ಟೇಲರಿಂಗ್. ಡಾಕ್ಟರು ಇನ್ಹೇಲರ್ ಬರೆದುಕೊಟ್ಟು, ಮನೆಯಲ್ಲೊಂದು ನೆಬ್ಯುಲೈಸರ್, ಅಂದರೆ ಔಷಧವನ್ನು ಮಂಜು ಮಾಡಿ ಉಸಿರಿಗೆ ಕೊಡುವ ಮಷೀನ್, ಇಡಲು ಹೇಳಿದರು. "ಎದಿ ಭಾಳ ಬಿಗೀತು ಅಂದ್ರ ಲಗೂನ ಇದನ್ನ ಹಚ್ಚರಿ, ಆಮ್ಯಾಲೆ ನನ್ನ ಕಡೆ ಬರ್ರಿ."

ಮುಶಿಗೇರಿಯಿಂದ ಅತ್ತೆ ಬಂದರು. "ಆ ಮಾಳಿಗಿ ಹತ್ತಿ ಇಳದು ಯಾಕ ಸಾಯ್ತಿ? ಊರಿಗೆ ಬಂದಬಿಡು." ನಮ್ಮವರ ಮನಸ್ಸೂ ಅತ್ತ ವಾಲಿತು. ಊರಿಗೆ ಹೋದರೆ ನನ್ನ ಗಿರಾಕಿಗಳು ಹೋದಂತೆ, ಹತ್ತು ಜನ ಹೆಂಗಸರು ನನ್ನ ಹೆಸರು ಹೇಳಿ ಹುಡುಕಿಕೊಂಡು ಬರುವ ಸುಖ ಹೋದಂತೆ. ನಾನು ಒಲ್ಲೆ ಎಂದೆ.

ಮಷೀನ್ ಬಂದ ದಿನ ಕಟ್ಟಡದಲ್ಲಿ ಹಬ್ಬವೇ! ಚಾಚಾನ ಹೆಂಡತಿ ಮಾಬೂಬಿ ಚಾಚಿ ದೃಷ್ಟಿಯಾಗಬಾರದೆಂದು ಅದಕ್ಕೆ ಕರಿದಾರ ಕಟ್ಟಿದರು, ನಾನು ಕುಂಕುಮ ಹಚ್ಚಿದೆ. ಚಾಚಾ ಅದನ್ನು ಕೂಸಿನಂತೆ ಎತ್ತಿಕೊಂಡರು. "ಮ್ಯಾಲ ಬ್ಯಾಡ ಬೇಟಿ, ಕರೆಂಟ್ ಹೋದ್ರ ಏನ್ ಮಾಡ್ತಿ? ಅಂಗಡ್ಯಾಗ ಇನ್ವರ್ಟರ್ ಐತಿ. ಕಿಮ್ಮತ್ತಿನ ವಸ್ತು, ಗಾಜಿನ ಕಪಾಟಿನಾಗ ಇಟ್ಟು ಕೀಲಿ ಹಾಕತೀನಿ." ಎಲ್ಲರೂ ಹೌದೌದು ಎಂದೆವು. ನಮ್ಮ ಕಡೆ ಕಿಮ್ಮತ್ತಿನದಕ್ಕೆ ಕೀಲಿ ಹಾಕದೆ ಯಾರಿಗೂ ನಿದ್ದೆ ಬರುವುದಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಮಾಳಿಗೆಯ ಮೇಲೆ ಒಣಗಿದ ಮೆಣಸಿನಕಾಯಿ ಬಳಿದು ಚೀಲಕ್ಕೆ ತುಂಬಲು ಹೋದೆ. ಬುದ್ಧಿಗೇಡಿ ನಾನು! ಘಾಟು ಏರಿತು. ಇನ್ಹೇಲರ್ ಎಳೆದರೂ ಎದೆ ಸಡಿಲಾಗಲಿಲ್ಲ. ನಮ್ಮವರು ಮಷೀನಿಗಾಗಿ ಕೆಳಗೆ ಓಡಿದರು.

ಅಂಗಡಿಗೆ ಷಟರ್ ಬಿದ್ದಿತ್ತು.

ಜುಮ್ಮಾ ನಮಾಜಿನ ಹೊತ್ತು. ಚಾಚಾ ಮಸೀದಿಯಲ್ಲಿ, ಕೀಲಿಕೈ ಅವರ ಜೇಬಿನಲ್ಲಿ. ಪ್ರತಿ ಶುಕ್ರವಾರ ಆ ಹೊತ್ತಿಗೆ ಅಂಗಡಿ ಮುಚ್ಚುವುದು ಕಟ್ಟಡಕ್ಕೆಲ್ಲ ಗೊತ್ತು. ಆದರೂ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ ನೋಡಿ! ನಮ್ಮವರು, ಚಾಚಿ ಇಬ್ಬರೂ ನನ್ನನ್ನು ಹೊತ್ತು ಇಳಿಸಿ, ಆಟೋ ಹಿಡಿದು ದವಾಖಾನೆ ಮುಟ್ಟಿಸಿದರು. ಆಕ್ಸಿಜನ್ ಹಚ್ಚಿದ ಮೇಲೆ ಜಗತ್ತು ಮತ್ತೆ ಕಂಡಿತು.

ಚಾಚಾ ತಲೆಯ ಮೇಲಿನ ಟೋಪಿಯಲ್ಲೇ ಓಡಿಬಂದು ನನ್ನ ಕಾಲ ಬಳಿ ಕೂತು ಅತ್ತರು. ನಮ್ಮವರು ಮೆಲ್ಲಗೆ ಹೇಳಿದರು: "ಸಾಕು ಶಾಂತಾ. ಇನ್ನೊಮ್ಮೆ ಹಿಂಗಾದ್ರ ಮುಶಿಗೇರಿಗೆ ಹೋಗೂದ."

ಮಾಸ್ಕಿನೊಳಗಿಂದ ಮಾತಾಡಲಾಗಲಿಲ್ಲ. ತಲೆಯಾಡಿಸಿದೆ, ಹೌದೆಂದು.

ಮನೆಗೆ ಬಂದ ಮೇಲೆ ಮೆಟ್ಟಿಲ ಮೇಲೇ ಸಭೆ. ಏನು ಗದ್ದಲ! ನಮ್ಮ ಮನೆಯಲ್ಲಿ ಕರೆಂಟಿನ ಭರವಸೆಯಿಲ್ಲ. ಚಾಚಿಯ ಅಡುಗೆಮನೆಯೆಂದರೆ, "ಹೆಣ್ಣಮಕ್ಕಳ ಜಾಗಾಕ್ಕ ನಾ ಹ್ಯಾಂಗ ನುಗ್ಗಲಿ?" ಎಂದು ನಮ್ಮವರು ನಾಚಿದರು. ಕಡೆಗೆ ಚಾಚಿ ಮೆಟ್ಟಿಲು ತಿರುಗುವ ಜಾಗಕ್ಕೆ ಕೈ ತೋರಿಸಿದರು. ಅಲ್ಲಿ ಬಾಗಿಲಿಲ್ಲ, ಕೀಲಿಯಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

"ಕಳುವಾದ್ರ?" ಎಂದರು ಚಾಚಾ.

"ಕಳ್ಳಗೂ ಉಬ್ಬಸ ಇದ್ರ ಒಯ್ಯಲಿ ಬಿಡ್ರಿ, ಪಾಪ!" ಎಂದರು ಚಾಚಿ.

ಅಂದೇ ಚಾಚಾ ಇನ್ವರ್ಟರಿನ ವೈರ್ ಮೇಲಕ್ಕೆ ಎಳೆಸಿದರು. ಗೋಡೆಗೆ ಹಲಗೆ, ಹಲಗೆಯ ಮೇಲೆ ಮಷೀನ್, ಪಕ್ಕದಲ್ಲಿ ಕುರ್ಚಿ. ಪರೀಕ್ಷೆ ಮಾಡಲೇಬೇಕೆಂದು ಎಲ್ಲರಿಗೂ ಉಮೇದು ಬಂತು. ನಾನು ಮಾಳಿಗೆ ಹತ್ತಿ, ಎದೆ ಹಿಡಿದು, "ಯವ್ವಾ, ಸತ್ತೆ!" ಎಂದು ಕೂಗಿದೆ. ಚಾಚಿ ಕೈಯಲ್ಲಿ ಸೌಟು ಹಿಡಿದೇ ಓಡಿಬಂದರು. ಚಾಚಾ ಗಡಿಬಿಡಿಯಲ್ಲಿ ಗಿರಾಕಿಯ ಸೀರೆಯನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದರು. ನಾನು ನಕ್ಕೆ. ನಕ್ಕು ನಕ್ಕು ಸುಸ್ತಾದೆ. ಆಗ ಸಿಳ್ಳು ಶುರುವಾಯಿತು.

"ಖರೇನ ಬಂದಂಗ ಮಾಡ್ತಾಳ ನೋಡ್ರಿ!" ಚಾಚಾ ಚಪ್ಪಾಳೆ ತಟ್ಟಿದರು.

ನಮ್ಮವರು ನೀಲಿಗಟ್ಟುತ್ತಿದ್ದ ನನ್ನ ತುಟಿ ನೋಡಿದರು. "ನಾಟಕ ಅಲ್ರೀ ಇದು!"

ನನ್ನನ್ನು ಎತ್ತಿದ್ದು ಗೊತ್ತು, ಮೆಟ್ಟಿಲ ತಿರುವಿನ ಕುರ್ಚಿಗೆ ಕೂರಿಸಿದ್ದು ಗೊತ್ತು. ಯಾರೂ ಅಂಗಡಿಗೆ ಓಡಲಿಲ್ಲ, ಯಾರೂ ಏನನ್ನೂ ಹುಡುಕಲಿಲ್ಲ. ಮಷೀನ್ ಗುರ್ ಎಂದಿತು. ಔಷಧದ ತಣ್ಣನೆ ಮಂಜು ಒಳಗಿಳಿದಂತೆ ಎದೆ ಗಂಟು ಬಿಚ್ಚುತ್ತ ಹೋಯಿತು. ಆ ಒಂದು ಉಸಿರಿನ ಖುಷಿ ಹೇಳಲು ನನಗೆ ಮಾತು ಬಾರದು!

ಡಾಕ್ಟರ ಬಳಿಗೂ ಹೋಗಿಬಂದೆವು. ಈ ರೋಗ ಬಿಟ್ಟುಹೋಗುವುದಿಲ್ಲ, ಹುಷಾರಾಗಿದ್ದರೆ ಬಾಳಬಹುದು ಎಂದರು. ಮನೆ ಮುಟ್ಟಿದ ಮೇಲೆ ನಮ್ಮವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, ಮೆಟ್ಟಿಲ ಹಲಗೆಯ ಮೇಲಿನ ಮಷೀನನ್ನು ನೋಡಿದರು. ಮುಶಿಗೇರಿಯ ಮಾತು ಬಂತೆಂದು ನಾನು ಕಣ್ಣು ಮುಚ್ಚಿದೆ.

"ಅವ್ವಗ ಫೋನ್ ಹಚ್ಚಿ ಬರ್ತೀನಿ," ಎಂದರು. "ನಾವು ಬರೂದಿಲ್ಲ ಅಂತ ಹೇಳತೀನಿ."